ಎಡಗಾಲಿನ ಎತ್ತರದ ಚಪ್ಪಲಿ

ನನ್ನ ಮಗ ಈರಣ್ಣನಿಗೆ ದಾಂಡೇಲಿಯ ಆ ಕೆಲಸ ಸಿಗುತ್ತಿರಲಿಲ್ಲ. ನಾನು ಜೊತೆಗೆ ಹೋಗದಿದ್ದರೂ ಸಿಗುತ್ತಿರಲಿಲ್ಲ. ನಾನು ಮಾಡಿದ್ದು ಇಷ್ಟೇ: ಸದ್ದಿಲ್ಲದೆ ತಪ್ಪಬೇಕಾಗಿದ್ದ ಕೆಲಸ ಹತ್ತು ಜನ ನೋಡುವ ಹಾಗೆ ತಪ್ಪಿತು.

ಮೊಮ್ಮಕ್ಕಳು ಈ ಕತೆ ಕೇಳಿ ನಗುತ್ತಾರೆ. ನಗಲಿ. ಹೇಳಿ ಹೇಳಿ ನನಗೆ ಸಾಕಾಗಿದೆ. ಒಮ್ಮೆ ಬರೆದಿಟ್ಟು ಕೈ ತೊಳೆದುಕೊಳ್ಳುತ್ತೇನೆ.

ಆಗ ದಾಂಡೇಲಿಯಲ್ಲಿ ಕಾರ್ಖಾನೆಗಳು ಹೊಸದಾಗಿ ಎದ್ದಿದ್ದವು. ನಾವು ಹಳಿಯಾಳದ ಹತ್ತಿರದ ಹಳ್ಳಿಯಲ್ಲಿದ್ದೆವು. ಈರಣ್ಣನಿಗೆ ಸಣ್ಣವನಿದ್ದಾಗ ಜ್ವರ ಬಂದು ಎಡಗಾಲು ಸೊರಗಿ ಗಿಡ್ಡವಾಗಿತ್ತು. ಹೊಲದ ಕೆಲಸ ಆಗದು ಎಂದು ಹುಬ್ಬಳ್ಳಿಯಲ್ಲಿ ನನ್ನ ಅಣ್ಣನ ಮನೆಯಲ್ಲಿಟ್ಟು ಮೋಟಾರ್ ಸುತ್ತುವುದನ್ನು ಕಲಿಸಿದ್ದೆವು. ಸುಟ್ಟ ಮೋಟಾರಿನ ತಂತಿ ಬಿಚ್ಚಿ ಹೊಸ ತಂತಿ ಸುತ್ತುವ ಕೆಲಸ. ಕಲಿತು ಊರಿಗೆ ಬಂದ. ನಮ್ಮೂರಿಗೆ ಆಗಿನ್ನೂ ಕರೆಂಟೇ ಬಂದಿರಲಿಲ್ಲ! ಸುತ್ತಲು ತಂತಿಯೂ ಇಲ್ಲ, ಸುಡಲು ಮೋಟಾರೂ ಇಲ್ಲ. ಕಟ್ಟೆಯ ಮೇಲೆ ಕೂತು ಹೋಗಿ ಬರುವವರನ್ನು ನೋಡುತ್ತಿದ್ದ. ಅವನಿಗೆ ಕೆಲಸ ಬೇಕಿತ್ತು. ಅವನು ಕಟ್ಟೆ ಬಿಟ್ಟು ಏಳುವುದು ನನಗೂ ಬೇಕಿತ್ತು.

ಒಂದು ದಿನ ಅಂಗಡಿಯವನು ಬೆಲ್ಲ ಕಟ್ಟಿಕೊಟ್ಟ ಪೇಪರಿನಲ್ಲಿ ಜಾಹೀರಾತು ಕಂಡಿತು. ಕಾರ್ಖಾನೆಗೆ ಮೋಟಾರ್ ಸುತ್ತುವವರು ಬೇಕಾಗಿದ್ದಾರೆ. ಇಂಥ ದಿನ ಖುದ್ದಾಗಿ ಬಂದು ಕಾಣಬೇಕು. ನಾನು ಓದಿದ್ದು ಮೂರನೇ ಇಯತ್ತೆ. ದೊಡ್ಡ ಅಕ್ಷರ ಓದಲು ಬರುತ್ತದೆ. ಸಣ್ಣ ಅಕ್ಷರ ನಾಲ್ಕನೇ ಇಯತ್ತೆಯಲ್ಲಿ ಕಲಿಸುತ್ತಿದ್ದರೆಂದು ಕಾಣುತ್ತದೆ. ಓಣಿಗೆಲ್ಲ ಬೆಲ್ಲ ಹಂಚಿ ಬಂದ ಮೇಲೆ ನಮ್ಮ ಮನೆಯವರು ಕನ್ನಡಕ ಹಾಕಿಕೊಂಡು ಕೆಳಗಿನ ಸಣ್ಣ ಸಾಲನ್ನು ಓದಿದರು: ‘ಅಂಗಹೀನರು ಅರ್ಜಿ ಸಲ್ಲಿಸಬೇಕಾಗಿಲ್ಲ.’

ಈರಣ್ಣ ಎದ್ದು ಮತ್ತೆ ಕಟ್ಟೆಗೆ ಹೋದ.

ನನಗೆ ಅಲ್ಲಿಗೇ ಬಿಡುವ ಬುದ್ಧಿ ಬರಲಿಲ್ಲ. ಕಾಲು ಗಿಡ್ಡ ಇದ್ದರೆ ಚಪ್ಪಲಿ ಎತ್ತರ ಮಾಡಿದರಾಯಿತು! ಹಳಿಯಾಳದ ಪೇಟೆಯಲ್ಲಿ ಚಪ್ಪಲಿ ಹೊಲಿಯುವ ಯಲ್ಲಪ್ಪನ ಹತ್ತಿರ ಹೋದೆ. ಅವನು ಲಾರಿಯ ಹಳೆಯ ಟೈರನ್ನು ಪದರು ಪದರಾಗಿ ಕೂಡಿಸಿ, ಮೇಲೆ ಚರ್ಮ ಹೊಲಿದು, ಎಡಗಾಲಿಗೆ ಒಂದು ಎತ್ತರದ ಚಪ್ಪಲಿ ಮಾಡಿಕೊಟ್ಟ. ಉದ್ದನೆಯ ಪಾಯಿಜಾಮದ ಕೆಳಗೆ ಅದು ಕಾಣುತ್ತಲೂ ಇರಲಿಲ್ಲ. ಅಂಗಳದಲ್ಲಿ ತಾಲೀಮು ಶುರುವಾಯಿತು. ಹುಡುಗ ನೆಟ್ಟಗೆ ನಿಂತ, ನೆಟ್ಟಗೆ ನಡೆದ. ಸಪ್ಪಳ ಮಾತ್ರ ಒನಕೆ ಕುಟ್ಟಿದಂತೆ. ನಮ್ಮ ಮನೆಯವರು ಎಲೆ ಅಡಿಕೆ ಅಗಿಯುತ್ತ ನೋಡಿದರು.

“ನಡಿಗಿ ಛಲೋ ಐತಿ. ದನಾ ಬೆದರಲಿಕ್ಕೆ ಹತ್ತ್ಯಾವ, ಅಷ್ಟ.”

ಹೊರಡುವ ಮುಂಜಾನೆ ಈರಣ್ಣ ಹಿಂದೆಮುಂದೆ ನೋಡಿದ. “ಅವ್ವಾ, ಇದ್ದದ್ದ ಹೇಳಿಬಿಡೂಣು” ಎಂದ.

“ಇದ್ದದ್ದ ಕೇಳಾಕ ಅವರು ಕರದಿಲ್ಲೋ. ಬರಬ್ಯಾಡ ಅಂತ ಮೊದಲ ಹೇಳ್ಯಾರ. ನಡಿ.”

ಒಬ್ಬನನ್ನೇ ಕಳಿಸಿದ್ದರೆ ಚೆನ್ನಾಗಿತ್ತು. ಧೈರ್ಯಕ್ಕಿರಲಿ ಎಂದು ನಾನೂ ಬಸ್ಸು ಹತ್ತಿದೆ.

ಕಾರ್ಖಾನೆಯ ಆಫೀಸಿನ ಪಡಸಾಲೆಯಲ್ಲಿ ಹತ್ತು ಜನ ಕೂತಿದ್ದರು. ಈರಣ್ಣ ಅವರ ನಡುವೆ ಅವರಂತೆಯೇ ನಡೆದುಹೋಗಿ ಕೂತ. ಯಂತ್ರಗಳ ಗದ್ದಲದಲ್ಲಿ ಚಪ್ಪಲಿಯ ಸಪ್ಪಳ ಕೇಳಲಿಲ್ಲ. ಯಾರೂ ತಿರುಗಿ ನೋಡಲಿಲ್ಲ. ಅವನು ಹುಟ್ಟಿ ದೊಡ್ಡವನಾದ ಮೇಲೆ ಯಾರೂ ತಿರುಗಿ ನೋಡದೇ ಇದ್ದದ್ದು ಅದೇ ಮೊದಲು. ನಾನು ಸೆರಗು ಸರಿ ಮಾಡಿಕೊಂಡು ಬೀಗಿದೆ. ಹೆಸರು ಕೂಗಿದರು. ಈರಣ್ಣ ಎದ್ದ, ನೆಟ್ಟಗೆ ಹೋದ, ಸಾಹೇಬರ ಹೊಸ್ತಿಲ ಮೇಲೆ ಎಡಗಾಲಿಟ್ಟ.

ಆಗ ನನ್ನ ಬಾಯಿ ನನ್ನನ್ನು ಕೇಳದೆ ತೆರೆಯಿತು.

“ಏ ಈರಣ್ಣಾ! ದೊಡ್ಡವರ ಖೋಲಿ ಐತಿ, ಚಪ್ಪಲಿ ಬಿಟ್ಟು ಹೋಗು!”

ಗುಡಿಯಾಗಲಿ, ಮಠವಾಗಲಿ, ಗೌಡರ ಮನೆಯಾಗಲಿ, ಹೊಸ್ತಿಲು ಕಂಡರೆ ಈ ಮಾತು ಅನ್ನುವುದು ನನಗೆ ಉಸಿರಾಡಿದಷ್ಟೇ ಸಹಜ. ಅದನ್ನು ಕೇಳಿದ ಕೂಡಲೇ ಚಪ್ಪಲಿ ಕಳಚುವುದು ನನ್ನ ಮಕ್ಕಳಿಗೂ ಅಷ್ಟೇ ಸಹಜ. ಬಡಿದು ಕಲಿಸಿದ್ದೇನೆ. ಈರಣ್ಣ ಕಳಚಿದ. ಕಳಚಿದ ಮೇಲೆ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಅವನು ಕುಂಟುತ್ತ ಒಳಗೆ ಹೋದ.

ಸಾಹೇಬರು ಮೈಸೂರು ಕಡೆಯವರು, ಒಳ್ಳೆಯ ಮನುಷ್ಯರೇ. ಕೂತುಕೋ ಅನ್ನುವ ಮೊದಲೇ ಅವರ ಕಣ್ಣು ಕಾಲಿಗೆ ಹೋಯಿತು. ಜಾಹೀರಾತು ಓದಲಿಲ್ಲವೇ ಎಂದು ಕೇಳಿದರು. ಕೈ ನೋಡಲಿಲ್ಲ, ಕೆಲಸ ಬರುತ್ತದೋ ಇಲ್ಲವೋ ಕೇಳಲಿಲ್ಲ. ನಾನು ಬಾಗಿಲಲ್ಲಿ ನಿಂತೇ ಕೇಳಿದೆ: “ಸಾಹೇಬ್ರ, ಮೋಟಾರ ಸುತ್ತೂದು ಕೈಲೇನ್ರಿ, ಕಾಲಿಲೇನ್ರಿ?”

“ಕೈಯಲ್ಲೇ ಅಮ್ಮ. ಕೂತು ಮಾಡೋ ಕೆಲಸ. ಆದರೆ ಜಾಹೀರಾತಲ್ಲಿ ಬರೆದಾಗಿದೆಯಲ್ಲ.”

“ಬರದವರ್ಯಾರ್ರಿ?”

“ನಾವೇ.” ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹೋದ ಸಲದ್ದನ್ನ ನೋಡಿ ಬರೆದದ್ದು. ಅದರಲ್ಲಿ ಹಾಗೇ ಇತ್ತು.”

ಹೋದ ಸಲದವರು ಅದರ ಹಿಂದಿನ ಸಲದ್ದನ್ನು ನೋಡಿರಬೇಕು. ಹೀಗೆ ನೋಡುತ್ತ ಹೋದರೆ ಬ್ರಹ್ಮನ ಕಾಲಕ್ಕೆ ಮುಟ್ಟಬಹುದು. ಅಷ್ಟು ದೂರ ಹೋಗಲು ನನಗೆ ಪುರಸೊತ್ತಿರಲಿಲ್ಲ. ಮಾತಿನಿಂದ ಆಗದ್ದನ್ನು ತೋರಿಸಿ ಮಾಡೋಣ ಎಂದು ಹೊರಗೆ ಬಂದು, ಆ ಎತ್ತರದ ಚಪ್ಪಲಿ ಎತ್ತಿಕೊಂಡು ಒಳಗೆ ಹೋಗಿ, ಸಾಹೇಬರ ಮೇಜಿನ ಮೇಲೆ ಇಟ್ಟೆ. ಅವರ ಮೂಗಿನ ಕೆಳಗೆ, ಅರ್ಜಿಗಳ ಮೇಲೆ.

“ಇದನ್ನ ಹಾಕ್ಕೊಂಡ್ರ ಅವ ಎಲ್ಲಾರಂಗ ಆಗ್ತಾನ್ರಿ. ನೋಡ್ರಿ.”

ಮನುಷ್ಯನ ಮುಖದ ಮುಂದೆ ಚಪ್ಪಲಿ ಹಿಡಿದರೆ ಏನರ್ಥ ಎಂಬುದು ಮೂರನೇ ಇಯತ್ತೆ ಓದದವರಿಗೂ ಗೊತ್ತು. ನನಗೆ ಹೊಳೆದದ್ದು ಸಾಹೇಬರು ಕುರ್ಚಿ ಸಮೇತ ಹಿಂದೆ ಸರಿದಾಗ. ತಪ್ಪಾಯಿತೆಂದು ಮೇಜು ಒರೆಸಲು ಸೆರಗು ಎಳೆದೆ. ಸೆರಗು ಮಸಿಕುಡಿಕೆಗೆ ಬಡಿಯಿತು. ಹತ್ತೂ ಜನರ ಅರ್ಜಿಗಳು ಒಂದೇ ಬಣ್ಣವಾದವು. ಆ ಕಾರ್ಖಾನೆಯಲ್ಲಿ ಎಲ್ಲರೂ ಸಮಾನರಾದದ್ದು ಅದೊಂದು ಗಳಿಗೆ! ಶಿಪಾಯಿ ಓಡಿ ಬಂದು ನಮ್ಮಿಬ್ಬರನ್ನೂ ಗೇಟಿನ ತನಕ ಬಿಟ್ಟುಬಂದ.

ಮೇಜಿನ ಮೇಲಿನ ಚಪ್ಪಲಿ ಅಲ್ಲೇ ಉಳಿಯಿತೆಂದು ತಿಳಿದದ್ದು ಬಸ್ಸಿನಲ್ಲಿ. ಈರಣ್ಣನ ಬಲಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಬಸ್ಸಿಳಿದು ನಡೆಯುವಾಗ ಮೊದಲಿಗಿಂತ ಹೆಚ್ಚು ಕುಂಟುತ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಮನೆಯವರು ಏನಾಯಿತೆಂದು ಕೇಳಿದರು. ಈರಣ್ಣ ಹೇಳಿದ, ಒಂದನ್ನೂ ಬಿಡದೆ. ಅವರು ನಗಲಿಲ್ಲ, ನನಗೆ ಬೈಯಲೂ ಇಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಈರಣ್ಣ ತಾಟು ತೊಳೆದಿಟ್ಟು ಬಂದು ನನ್ನ ಹತ್ತಿರ ಕೂತ.

“ಅವ್ವಾ, ನೌಕರಿ ಹೋಗ್ಲಿ. ಆ ಚಪ್ಪಲಿ ಸಿಗಬೇಕಿತ್ತು. ಅದನ್ನ ಹಾಕ್ಕೊಂಡಾಗಿಂದ ನನ್ನ ಟೊಂಕ ನೋಯ್ತಿರಲಿಲ್ಲ.”

ಅವನ ಟೊಂಕ ನೋಯುತ್ತಿತ್ತು ಎನ್ನುವುದೇ ನನಗೆ ಗೊತ್ತಿರಲಿಲ್ಲ. ಅವನು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಇಷ್ಟು ವರ್ಷ ಯಲ್ಲಪ್ಪ ಅದೇ ಪೇಟೆಯಲ್ಲಿ ಕೂತಿದ್ದ, ಟೈರೂ ಅಲ್ಲೇ ಬಿದ್ದಿತ್ತು. ಮಗನ ಕಾಲಿಗೆಂದು ನಾನು ಯಾವತ್ತೂ ಚಪ್ಪಲಿ ಹೊಲಿಸಿರಲಿಲ್ಲ. ಸಾಹೇಬರ ಕಣ್ಣಿಗೆಂದು ಹೊಲಿಸಿದೆ.

ಮರುದಿನ ಮುಂಜಾನೆ ಮೊದಲ ಬಸ್ಸಿಗೇ ದಾಂಡೇಲಿಗೆ ಹೋದೆ. ಗೇಟಿನ ಕಾವಲುಗಾರ ನನ್ನನ್ನು ಕಂಡ ಕೂಡಲೇ ಎದ್ದು ನಿಂತ. ಮರ್ಯಾದೆಗಲ್ಲ, ಅಂಜಿಕೆಗೆ. ಚಪ್ಪಲಿ ಅವನ ಖೋಲಿಯ ಮೂಲೆಯಲ್ಲಿತ್ತು. ಎಸೆಯಬೇಡ, ಆ ಹುಡುಗನ ತಾಯಿ ಬರಬಹುದು ಎಂದು ಸಾಹೇಬರೇ ಹೇಳಿದ್ದರಂತೆ. ಒಳಗೆ ಹೋಗಿ ಅದನ್ನು ಎತ್ತಿ ಕಂಕುಳಲ್ಲಿ ಅವುಚಿಕೊಂಡು, ಯಾರ ಮೇಜನ್ನೂ ಮುಟ್ಟದೆ, ತಿರುಗಿ ಬಸ್ಸು ಹಿಡಿದೆ.

ಈರಣ್ಣ ಕಟ್ಟೆಯ ಮೇಲೆ ಕಾಯುತ್ತಿದ್ದ. ಚಪ್ಪಲಿ ಕಾಲಿಗೇರಿಸಿ ಎದ್ದು ನಿಂತ. ಆಮೇಲೆ ನನ್ನ ಕಾಲು ನೋಡಿದ.

“ಅವ್ವಾ, ನಿನ್ನವು ಎಲ್ಲಿ?”

ಕಾವಲುಗಾರನ ಹೊಸ್ತಿಲಲ್ಲಿ ಬಿಟ್ಟುಬಂದಿದ್ದೆ.