ಕಸ್ತೂರಮ್ಮನ ಮಸೂದೆ ಕಮಿಟಿಗೆ ಹೋದದ್ದು

ಕಸ್ತೂರಮ್ಮ: ನೀವು ನನ್ನ ನೋಡಾಕೆ ನಮ್ಮೂರು ಬಿಳಿಚೋಡಿಗೆ ಬಂದಿದ್ರಲ್ಲ, ಆವತ್ತೇ ನಾನು ತಿಳ್ಕಬೇಕಿತ್ತು.

ಕೊಟ್ರಬಸಪ್ಪ: ಈಗ್ಯಾಕೆ ಆ ಮಾತು? ಮಗನಿಗೆ ಮೀಸೆ ಬಂದೈತೆ.

ಕಸ್ತೂರಮ್ಮ: ಬರ್ಲಿ. ನಾನು ಹಾಲಿನ ಲೋಟ ಹಿಡ್ಕಂಡು ನಿಂತಿದ್ದೆ. ಕಂಚಿನ ಲೋಟ, ಕೆಂಡದಂಗೆ ಸುಡ್ತಿತ್ತು. ತಗಳ್ರಿ ಅಂತ ನಮ್ಮಪ್ಪ ಅಂದ್ರೆ ನೀವು ಏನಂದ್ರಿ? ಮೊದ್ಲು ಅಣ್ಣಾರು ತಗಳ್ಲಿ ಅಂದ್ರಿ. ಅಣ್ಣಾರು, ಮಾವ ಇದಾರಲ್ಲ ಅಂದ್ರು. ಮಾವ, ಅಯ್ಯನೋರು ಇದಾರೆ ಅಂದ್ರು. ಅಯ್ಯನೋರು, ಹುಡುಗನೇ ಕುಡೀಲಿ ಬಿಡ್ರಿ ಅಂದ್ರು. ತಿರುಗಿ ನಿಮ್ಮ ಹತ್ರ ಬರೋವೊತ್ತಿಗೆ ಹಾಲಿನ ಮೇಲೆ ಕೆನೆ ಕಟ್ಟಿತ್ತು, ನನ್ನ ಬೆರಳ ಮೇಲೆ ಬೊಬ್ಬೆ ಎದ್ದಿತ್ತು.

ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಆ ದಿನ ಕಸ್ತೂರಮ್ಮ ಉಟ್ಟಿದ್ದು ಅವಳ ಅಕ್ಕನ ಹಸಿರು ಸೀರೆ. ಪಡಸಾಲೆಯಲ್ಲಿ ಕಂಬಳಿ ಹಾಸಿತ್ತು. ಗಂಡಿನ ಕಡೆಯವರು ಮಂಡಕ್ಕಿ ಮೆಲ್ಲುತ್ತಿದ್ದರು. ಗಂಡು ಕರಿ ಕೋಟಿನ ಮೇಲಿನ ಗುಂಡಿಯನ್ನು ತಿರುವುತ್ತ, ಒಮ್ಮೆ ಹುಡುಗಿಯನ್ನೂ ಒಮ್ಮೆ ಸೂರನ್ನೂ ನೋಡುತ್ತ ಕೂತಿತ್ತು. ಹುಡುಗಿ ಒಪ್ಪಿಗೆಯೇನಪ್ಪ ಎಂದು ಕೇಳಿದಾಗ, "ಆಕ್ಷೇಪಣೆ ಏನಿಲ್ಲ. ಹಿರಿಯರ ಹತ್ತಿರ ವಿಚಾರ ಮಾಡಿ ತಿಳಿಸುತ್ತೇನೆ" ಎಂದಿತು. ಹಿರಿಯರೆಲ್ಲ ಅದೇ ಕಂಬಳಿಯ ಮೇಲೆ, ಗಂಡಿನ ಮಗ್ಗುಲಲ್ಲೇ, ಬಾಯಿ ತುಂಬ ಮಂಡಕ್ಕಿ ಇಟ್ಟುಕೊಂಡು ಕೂತಿದ್ದರು.

ಮುಂದೆ ಆ ಕೊಟ್ರಬಸಪ್ಪನವರು ಚನ್ನಗಿರಿಯಲ್ಲಿ ಬೆಲ್ಲದ ಮಂಡಿ ಇಟ್ಟರು, ದೊಡ್ಡವರಾದರು, ಬೆಂಗಳೂರಿನಲ್ಲಿ ಕಾಯಿದೆ ಮಾಡುವ ನ್ಯಾಯವಿಧಾಯಕ ಸಭೆಗೆ ಸದಸ್ಯರೂ ಆದರು. ಊರಿನವರು ಆಶ್ಚರ್ಯಪಟ್ಟರು. ಕಸ್ತೂರಮ್ಮ ಪಡಲಿಲ್ಲ. ಇವತ್ತಿನ ಕೆಲಸವನ್ನು ಮುಂದಿನ ಅಧಿವೇಶನಕ್ಕೆ ತಳ್ಳುವವರಿಗೆ ಅಲ್ಲಿ ಸರ್ಕಾರವೇ ಭತ್ಯೆ ಕೊಡುತ್ತದೆಂದು ಅವಳು ಅಷ್ಟು ಹೊತ್ತಿಗೆ ಕೇಳಿ ತಿಳಿದಿದ್ದಳು.

ಈಗ ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿ, ಕಾರ್ತಿಕದ ಒಂದು ಮಧ್ಯಾಹ್ನ. ಅಮಲ್ದಾರರ ಜವಾನ ದಾಸಪ್ಪ ಜಗಲಿಯ ಮೇಲೆ ಕೂತು ರುಮಾಲನ್ನು ಮೊಣಕಾಲಿಗೆ ಹಾಕಿಕೊಂಡಿದ್ದ. ಅವನು ತಂದ ಸುದ್ದಿಯೇ ಮನೆಯಲ್ಲಿ ಕಿಡಿ ಹಚ್ಚಿತ್ತು. ಊರಿನ ಪುರಸಭೆಗೆ ಒಬ್ಬ ಹೆಂಗಸನ್ನು ನೇಮಕ ಮಾಡಬೇಕು, ಕಸ್ತೂರಮ್ಮನವರು ಒಪ್ಪುತ್ತಾರೆಯೇ, ಸಂಜೆಯ ಟಪಾಲಿನೊಳಗೆ ತಿಳಿಸಬೇಕು.

ದಾಸಪ್ಪ: ಯಜಮಾನ್ರೇ, ಟಪಾಲು ಕಟ್ಟೋ ಹೊತ್ತಾತು. ಹೂಂ ಅನ್ನಲಾ, ಊಹೂಂ ಅನ್ನಲಾ?

ಕೊಟ್ರಬಸಪ್ಪ: ಎರಡೂ ಅನ್ಬೇಡ. ವಿಷಯ ಪರಿಶೀಲನೆಯಲ್ಲಿ ಐತೆ ಅನ್ನು.

ದಾಸಪ್ಪ: ಅಷ್ಟು ಉದ್ದಾದ್ದು ನನಗೆ ಅನ್ನಾಕೆ ಬರಲ್ರೀ. ಹೂಂ, ಊಹೂಂ, ಇವೆರಡನ್ನೇ ಹೇಳಿ ಕಳ್ಸ್ಯಾರೆ.

ಕಸ್ತೂರಮ್ಮ: ಹೂಂ ಅನ್ನಪ್ಪ ದಾಸಪ್ಪ.

ಕೊಟ್ರಬಸಪ್ಪ: ಏಯ್, ತಡಿ! ಮನೆ ಯಜಮಾನ ನಾನಿನ್ನೂ ಇದೀನಿ.

ಕಸ್ತೂರಮ್ಮ: ಇದೀರಿ. ಪುರಸಭೆಯಾಗೆ ಹೆಂಗಸ್ರು ಕೂರಬೇಕು, ಅವರ ಕಷ್ಟ ಅವರ ಬಾಯಿಂದ್ಲೇ ಬರಬೇಕು ಅಂತ ಬೆಂಗಳೂರಿನಾಗೆ ಭಾಷಣ ಮಾಡಿದೋರೂ ನೀವೇ. ಪೇಪರಿನಾಗೆ ಬಂದದ್ದನ್ನ ಕ್ಷೌರದೋನಿಗೂ ಓದಿ ಹೇಳಿದ್ರಿ. ಕತ್ತಿ ಗಂಟಲ ಮೇಲಿದ್ರೂ ಬಿಡ್ಲಿಲ್ಲ.

ಕೊಟ್ರಬಸಪ್ಪ: ಅದು ಹೆಂಗಸ್ರ ವಿಷಯ ಕಣೆ. ಇದು ನನ್ನ ಹೆಂಡ್ತಿ ವಿಷಯ.

ಕಸ್ತೂರಮ್ಮ: ಹಂಗಾದ್ರೆ ನಾನು ಯಾವುದ್ರಾಗೆ ಬಂದೆ? ಹೆಂಗಸ್ರಾಗೂ ಇಲ್ಲ, ಗಂಡಸ್ರಾಗೂ ಇಲ್ಲ. ಮಂಡಿಯಾಗೆ ಬೆಲ್ಲದ ಪೆಂಟೆ ಜೊತೆ ಲೆಕ್ಕ ಹಿಡೀತೀರೇನು?

ಕೊಟ್ರಬಸಪ್ಪನವರಿಗೆ ಹೂಂ ಎನ್ನುವುದಕ್ಕೂ ಆಗದು, ಊಹೂಂ ಎನ್ನುವುದಕ್ಕೂ ಆಗದು. ಊಹೂಂ ಎಂದರೆ ನಾಳೆ ಅಮಲ್ದಾರರು ನಕ್ಕಾರು, ನಾಡಿದ್ದು ಪೇಪರಿನವರು ನಕ್ಕಾರು. ಹೂಂ ಎಂದರೆ ಗಾಡಿಯ ಮಾತು ಬರುತ್ತದೆ. ಸಂತೆಯ ದಿನ ಹೊನ್ನಾಳಿ, ನಲ್ಲೂರು ಕಡೆಯಿಂದ ಅವರ ಮಂಡಿಗೆ ಬರುವ ಬೆಲ್ಲದ ಗಾಡಿಗಳೆಲ್ಲ ನಿಲ್ಲುವುದು ಕೋಟೆ ಬೀದಿಯ ಸಿಹಿನೀರ ಬಾವಿಯ ಸುತ್ತ. ಕೊಡ ಹೊತ್ತ ಹೆಂಗಸರು ನೊಗದ ಕೆಳಗೆ ನುಸುಳಿ ಬರಬೇಕು. ಹಿಂದಿನ ಸಂತೆಯಲ್ಲಿ ಒಂದು ಎತ್ತು ಹಾಯ್ದು ನೆರೆಮನೆಯ ಅಂಜಮ್ಮನ ಪಕ್ಕೆ ಮುರಿಯಿತು. ಅವಳಿನ್ನೂ ಹಾಸಿಗೆ ಬಿಟ್ಟಿಲ್ಲ. ಕಸ್ತೂರಮ್ಮ ಗಂಡನಿಗೆ ಹೇಳಿ ಹೇಳಿ ಸೋತಿದ್ದಳು. "ನೋಡೋಣ" ಎಂಬುದೊಂದೇ ಉತ್ತರ. ಇನ್ನು ಪುರಸಭೆಯಲ್ಲಿ ಹೇಳಿ ನೋಡಬೇಕೆಂದು ಅವಳ ಹಟ. ಆ ಹಟ ಗಂಡನಿಗೆ ಗೊತ್ತಿತ್ತು.

ಅಷ್ಟರಲ್ಲಿ ಕೊಟ್ರಬಸಪ್ಪನವರ ಮುಖ ಅರಳಿತು. ಅವರು ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡರು. ಬೆಂಗಳೂರಿನಿಂದ ಬಂದ ಮೇಲೆ ಅವರಿಗೆ ಅಭ್ಯಾಸವಾಗಿದ್ದ ಭಂಗಿ ಅದು.

ಕೊಟ್ರಬಸಪ್ಪ: ಕಿರುಚಾಡೋದು ಯಾಕೆ? ಕ್ರಮವಾಗಿ ನಡೀಲಿ. ಸಭೆಯಾಗೆ ಹೆಂಗೋ ಮನೆಯಾಗೂ ಹಂಗೇ. ನೀನು ಎದ್ದು ನಿಂತು, ಇಂಥ ಮಸೂದೆ ಮಂಡಿಸಾಕೆ ಅನುಮತಿ ಬೇಡ್ತೀನಿ ಅನ್ನು.

ಕಸ್ತೂರಮ್ಮ: ನಾನು ಆಗ್ಲಿಂದ ನಿಂತೇ ಇದೀನಿ. ಕೂತಿರೋರು ನೀವು.

ಕೊಟ್ರಬಸಪ್ಪ: ಅನುಮತಿ ಕೊಟ್ಟೈತೆ. ಮಂಡಿಸು.

ಕಸ್ತೂರಮ್ಮ: ನಾನು ಪುರಸಭೆಗೆ ಹೋಗ್ತೀನಿ.

ಕೊಟ್ರಬಸಪ್ಪ: ಮಂಡನೆ ಆಯ್ತು. ಕೂತ್ಕೋ.

ಕಸ್ತೂರಮ್ಮ: ಹೋಗ್ತೀನಿ ಅಂದ್ರೆ ಕೂತ್ಕೋ ಅಂತೀರಲ್ಲ!

ಕೊಟ್ರಬಸಪ್ಪ: ಮಸೂದೆ ಈಗಿನ್ನೂ ಹೊಸ್ತಿಲು ದಾಟೈತೆ. ಮುಂದೆ ಯಾರಾದ್ರೂ ಎದ್ದು, ಇದನ್ನ ಸೆಲೆಕ್ಟ್ ಕಮಿಟಿಗೆ ಒಪ್ಪಿಸಬೇಕು ಅಂತ ಸೂಚನೆ ಮಾಡ್ಬೇಕು. ನಾನು ಸೂಚಿಸ್ತೀನಿ. ಇನ್ನೊಬ್ರು ಅನುಮೋದಿಸ್ಬೇಕು. ಅದನ್ನೂ ನಾನೇ ಮಾಡ್ತೀನಿ. ವಿರೋಧ ಐತಾ? ಇಲ್ಲ. ಅಂಗೀಕಾರ ಆಯ್ತು.

ದಾಸಪ್ಪ: ಹಂಗಾದ್ರೆ ಹೂಂ ಅಂತ ಆತಲ್ರೀ?

ಕೊಟ್ರಬಸಪ್ಪ: ಅಲ್ಲಯ್ಯ. ಕಮಿಟಿಗೆ ಹೋತು ಅಂತ ಆತು.

ದಾಸಪ್ಪ: ಕಮಿಟಿ ಮನೆ ಎಲ್ಲೈತೆ ಹೇಳ್ರಿ. ಒಂದೇ ಓಟಕ್ಕೆ ಹೋಗಿ ಕೇಳ್ಕಂಡು ಬರ್ತೀನಿ.

ಕೊಟ್ರಬಸಪ್ಪ: ಕಮಿಟಿ ಅಂದ್ರೆ ಮನೆ ಅಲ್ಲ. ಸಭೆಯೋರೇ ಕೆಲವರು ಬೇರೆ ಕೋಣೆಯಾಗೆ ಕೂತು, ಮಸೂದೇನ ಒಂದೊಂದು ಅಕ್ಷರ ಕೆದಕಿ ನೋಡೋದು. ನಮ್ಮ ದನದ ದೊಡ್ಡಿ ಮಸೂದೆ ಒಳಗೆ ಹೋದಾಗ ಕರು. ಆಚೆ ಬರೋವೊತ್ತಿಗೆ ಅದಕ್ಕೆ ಹಲ್ಲು ಉದುರಿದ್ವು.

ಹೇಳುವಾಗ ಅವರಿಗೆ ಎಂಥ ನೆಮ್ಮದಿ! ಕಸ್ತೂರಮ್ಮ ಆ ನೆಮ್ಮದಿಯನ್ನು ನೋಡಿದಳು. ಇದು ಬಿಳಿಚೋಡಿನ ಹಾಲಿನ ಲೋಟವೇ ಎಂದು ಅವಳಿಗೆ ಅರ್ಥವಾಯಿತು.

ಕಸ್ತೂರಮ್ಮ: ಕಮಿಟಿಯಾಗೆ ಯಾರ್ಯಾರು?

ಕೊಟ್ರಬಸಪ್ಪ: ಅಧ್ಯಕ್ಷ ನಾನು. ಆಮೇಲೆ ನಮ್ಮಕ್ಕ. ಅಕ್ಕಾ, ಬಾ ಇಲ್ಲಿ!

ಅಡಿಗೆಮನೆಯಿಂದ ಸಿದ್ದಲಿಂಗಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಕೊಟ್ರಬಸಪ್ಪನವರ ಅಕ್ಕ, ಗಂಡ ಹೋದ ಮೇಲೆ ತಮ್ಮನ ಮನೆಯಲ್ಲೇ ಇದ್ದವರು. ಹೆಂಗಸು ಬೀದಿಯಲ್ಲಿ ಜೋರಾಗಿ ಕೆಮ್ಮಿದರೂ ಅವರಿಗೆ ಸೇರದು. ತಮ್ಮ ಅವರನ್ನು ಆರಿಸಿದ್ದು ಅದಕ್ಕೇ.

ಕೊಟ್ರಬಸಪ್ಪ: ಕಮಿಟಿಗೆ ಇನ್ನೊಬ್ರು ಬೇಕು. ದಾಸಪ್ಪ, ನೀನೂ ಕೂತ್ಕೋ.

ದಾಸಪ್ಪ: ಅಯ್ಯೋ ಬ್ಯಾಡ್ರೀ! ನಾನು ಸರ್ಕಾರಿ ನೌಕರ.

ಕೊಟ್ರಬಸಪ್ಪ: ಅಲ್ಲೂ ಕಮಿಟಿಯಾಗೆ ಸರ್ಕಾರಿ ಸದಸ್ಯರು ಇರ್ತಾರೆ ಕಣಯ್ಯ. ಅವರಷ್ಟು ಸುಖವಾಗಿ ಯಾರೂ ಇರಲ್ಲ. ಸ್ವಂತ ಯೋಚನೆ ಮಾಡೋ ಹಂಗೇ ಇಲ್ಲ. ಸರ್ಕಾರ ಎತ್ತ ಅಂದ್ರೆ ಅತ್ತ ಕೈ ಎತ್ತಿದ್ರಾತು.

ದಾಸಪ್ಪ: ಹಂಗಾದ್ರೆ ಅದು ನನಗೆ ಬರ್ತೈತ್ರೀ.

ದಾಸಪ್ಪ ಒಳಗೆ ಬಂದು ಕಂಬದ ಬುಡದಲ್ಲಿ ಕೂತ. ಕಮಿಟಿ ಭರ್ತಿಯಾಯಿತು. ಕಸ್ತೂರಮ್ಮ ಬಾಗಿಲಿಗೆ ಒರಗಿ ನಿಂತಳು.

ಸಿದ್ದಲಿಂಗಮ್ಮ: ಈಗ ನಾನೇನು ಮಾಡ್ಬೇಕೋ ಕೊಟ್ರ? ಒಲೆ ಮೇಲೆ ಬೇಳೆ ಐತೆ.

ಕೊಟ್ರಬಸಪ್ಪ: ಕಸ್ತೂರಿ ಪುರಸಭೆಗೆ ಹೋಗೋ ವಿಚಾರ ನಿಧಾನವಾಗಿ ನೋಡ್ಬೇಕು. ಇವತ್ತೇ ಆಗ್ಬೇಕು ಅಂತೇನಿಲ್ಲ. ಮುಂದಿನ ಯುಗಾದಿಗೆ ಇನ್ನೊಮ್ಮೆ ಕೂರೋಣ.

ಸಿದ್ದಲಿಂಗಮ್ಮ: ನೋಡೋದೇನು ಐತೆ? ಅಷ್ಟು ಗಂಡಸ್ರ ನಡುವೆ ಹೋಗಿ ಕೂರಬೇಕಾ? ನನಗೆ ಸೇರಲ್ಲ. ಬ್ಯಾಡ ಅಂದ್ರೆ ಬ್ಯಾಡ. ಮುಗೀತು.

ದಾಸಪ್ಪ: (ರುಮಾಲು ಸುತ್ತಿಕೊಳ್ಳುತ್ತ) ಬ್ಯಾಡ ಅಂತಾತು. ಹೋಗಿ ಊಹೂಂ ಅಂತ ಹೇಳ್ತೀನ್ರೀ.

ಕೊಟ್ರಬಸಪ್ಪನವರು ಕೂತಲ್ಲಿಂದ ಹಾರಿಬಿದ್ದರು. ಅವರಿಗೆ ಬೇಕಾಗಿದ್ದದ್ದು ತಡ, ನಿರಾಕರಣೆಯಲ್ಲ. ಈ ಊಹೂಂ ಅಮಲ್ದಾರರ ಮೇಜಿಗೆ ಹೋದರೆ ಭಾಷಣದ ಗತಿಯೇನು?

ಕೊಟ್ರಬಸಪ್ಪ: ನಿಲ್ಲಯ್ಯ! ಅಕ್ಕಾ, ಹಂಗೆಲ್ಲ ಬ್ಯಾಡ ಅನ್ನಾಕೆ ಕಮಿಟಿಗೆ ಅಧಿಕಾರ ಇಲ್ಲ.

ಸಿದ್ದಲಿಂಗಮ್ಮ: ನೀನೇ ಕರೆದು ಕೂರ್ಸಿ, ನೀನೇ ಅಧಿಕಾರ ಇಲ್ಲ ಅಂತೀಯಾ?

ಕೊಟ್ರಬಸಪ್ಪ: ರೆಂಬೆ ಸವರೋ ಅಧಿಕಾರ ಐತೆ, ಬುಡ ಕಡಿಯೋ ಅಧಿಕಾರ ಇಲ್ಲ. ಹೋದ ಸರ್ತಿ ಒಬ್ಬ ಸದಸ್ಯ ಕಮಿಟಿಯಾಗೆ ಕೂತು ನಿನ್ನಂಗೇ ಈ ಮಸೂದೇನೇ ಬ್ಯಾಡ ಅಂದ. ನಾನೇ ಎದ್ದು ಅವನ ಬಾಯಿ ಮುಚ್ಚಿಸಿದೆ. ಏನಂದೆ ಗೊತ್ತಾ? ಸ್ವಾಮೀ, ಇದು ಬೇಕೋ ಬ್ಯಾಡವೋ ಅನ್ನೋದು ಮುಗಿದ ಮಾತು. ಬೇಕು ಅಂತ ಒಪ್ಪಿದ ಮೇಲೇ ಸಭೆ ಇದನ್ನ ಕಮಿಟಿಗೆ ಕಳ್ಸಿರೋದು. ಹೆಂಗೆ ಅನ್ನೋದಷ್ಟೇ ನಮ್ಮ ಕೆಲಸ! ಇಡೀ ಕಮಿಟಿ ಮೇಜು ಗುದ್ದಿತು.

ಹೇಳಿ ಮುಗಿಸಿ ಅವರು ತಾವೇ ತೊಡೆ ತಟ್ಟಿಕೊಂಡರು. ತಟ್ಟಿದ ಕೈ ಅಲ್ಲೇ ನಿಂತಿತು.

ಕಸ್ತೂರಮ್ಮ: ರೀ, ಇನ್ನೊಂದು ಸರ್ತಿ ಹೇಳ್ರಿ.

ಕೊಟ್ರಬಸಪ್ಪ: ಏನಿಲ್ಲ ಬಿಡು.

ಕಸ್ತೂರಮ್ಮ: ಬೇಕು ಅಂತ ಒಪ್ಪಿದ ಮೇಲೇ ಕಮಿಟಿಗೆ ಕಳ್ಸೋದು. ನನ್ನ ಮಸೂದೇನ ಕಮಿಟಿಗೆ ಕಳ್ಸಿದೋರು ಯಾರು?

ಕೊಟ್ರಬಸಪ್ಪ: ಅದು... ಸಭೆ.

ಕಸ್ತೂರಮ್ಮ: ಸೂಚಿಸಿದ್ದು ನೀವು. ಅನುಮೋದಿಸಿದ್ದು ನೀವು. ವಿರೋಧ ಇಲ್ಲ ಅಂದದ್ದೂ ನೀವೇ. ನಾನು ಬಾಯಿ ಬಿಡೋಕೂ ಬಿಡ್ಲಿಲ್ಲ. ಇಷ್ಟು ಒಮ್ಮತದಾಗೆ ಬೆಂಗಳೂರಿನಾಗೂ ಯಾವ ಮಸೂದೆ ಪಾಸಾಗಿಲ್ಲ ನೋಡ್ರಿ.

ದಾಸಪ್ಪ: ಅಂದ್ರೆ ಹೂಂ ಅಂತಾತು.

ಕೊಟ್ರಬಸಪ್ಪ: ಇರಯ್ಯ! ಹೆಂಗೆ ಅನ್ನೋದು ಬಾಕಿ ಐತೆ. ಅಕ್ಕಾ, ನಿನ್ನ ತಿದ್ದುಪಡಿ ಏನು?

ಸಿದ್ದಲಿಂಗಮ್ಮ: ಬುಡ ಕಡಿಯಂಗಿಲ್ಲ ಅಂದ್ರೆ ಇನ್ನೇನು ಹೇಳಲಿ? ತಲೆ ಮೇಲೆ ಸೆರಗಿರಲಿ. ಕುರ್ಚಿ ಕಿಟಕಿ ಮಗ್ಗುಲಾಗೆ ಹಾಕ್ಸು. ಆ ಗಂಡಸ್ರ ಬೀಡಿ ಹೊಗೆ ಇವಳಿಗೆ ಆಗಲ್ಲ.

ಕಸ್ತೂರಮ್ಮ: ಒಪ್ಪಿಗೆ, ಅತ್ತಿಗೆಮ್ಮ.

ಕೊಟ್ರಬಸಪ್ಪ: ನನ್ನದೂ ಒಂದು ಸಣ್ಣ ತಿದ್ದುಪಡಿ. ಸದಸ್ಯೆಯವರು ಸಂತೆ, ಗಾಡಿ, ಎತ್ತು, ಬಾವಿ, ಬೆಲ್ಲ, ಈ ಮಾತುಗಳನ್ನ ಸಭೆಯಾಗೆ ಎತ್ತಬಾರದು.

ಕಸ್ತೂರಮ್ಮ: ಮತ್ತೆ ಅಲ್ಲಿ ಹೋಗಿ ಏನು ಮಾಡ್ಲಿ? ಹಪ್ಪಳ ಒತ್ತಲಾ?

ಕೊಟ್ರಬಸಪ್ಪ: ಮತಕ್ಕೆ ಹಾಕ್ತೀನಿ. ನಾನು ಪರ. ಅಕ್ಕಾ?

ಸಿದ್ದಲಿಂಗಮ್ಮ ತಮ್ಮನನ್ನು ನೋಡಿದರು, ಆಮೇಲೆ ನೆರೆಮನೆಯ ಗೋಡೆಯನ್ನು ನೋಡಿದರು.

ಸಿದ್ದಲಿಂಗಮ್ಮ: ಹೆಂಗಸು ಪುರಸಭೆಗೆ ಹೋಗೋದು ನನಗೆ ಈಗ್ಲೂ ಸೇರಲ್ಲ. ಆದ್ರೆ ಹೋದೋಳು ಬಾಯಿ ಹೊಲ್ಕಂಡು ಬರ್ಬೇಕು ಅಂದ್ರೆ ಅದೂ ಸೇರಲ್ಲ. ಅಂಜಮ್ಮಗೆ ಮಗ್ಗುಲು ಹೊರಳ್ಸೋಳು ನಾನು. ಹೊರಳ್ಸಿದಾಗೆಲ್ಲ ಅವಳು ಹೆಂಗೆ ಕೂಗ್ತಾಳೆ ಅಂತ ನಿನಗೇನು ಗೊತ್ತು ಕೊಟ್ರ? ಆ ಎತ್ತು ನಿನ್ನ ಮಂಡಿಗೆ ಬಂದಿದ್ದೇ. ನಾನು ಒಪ್ಪಲ್ಲ.

ಕೊಟ್ರಬಸಪ್ಪನವರು ಗಂಟಲು ಸರಿಮಾಡಿಕೊಂಡು ಕಂಬದ ಕಡೆ ತಿರುಗಿದರು.

ಕೊಟ್ರಬಸಪ್ಪ: ದಾಸಪ್ಪ, ಸರ್ಕಾರಿ ಸದಸ್ಯ, ನೀನು ನನ್ನ ಕಡೆ ಕೈ ಎತ್ತು.

ದಾಸಪ್ಪ: ಹೆಂಗ್ರೀ ಎತ್ತಲಿ? ಸರ್ಕಾರ ಎತ್ತ ಅಂದ್ರೆ ಅತ್ತ ಎತ್ತು ಅಂದ್ರಿ. ನನ್ನ ಸರ್ಕಾರ ಅಮಲ್ದಾರ್ ಸಾಹೇಬ್ರು. ಅವರು ಪಾಪ ದಿನಾ ಆ ಗಾಡಿ ಸಂದಿಯಾಗೆ ಸೈಕಲ್ ಎತ್ಕಂಡು ಕಚೇರಿಗೆ ಬರ್ತಾರೆ.

ಕೊಟ್ರಬಸಪ್ಪ: ದಿನಾ ಎಲ್ಲಿ ಬಂತು? ಸಂತೆ ದಿನ ಅಷ್ಟೇ!

ದಾಸಪ್ಪ: ಆವತ್ತೊಂದು ದಿನ ನನಗೆ ಬೈದಿದ್ದು ವಾರವೆಲ್ಲ ನೆನಪಿರ್ತೈತ್ರೀ.

ತಿದ್ದುಪಡಿ ಬಿದ್ದುಹೋಯಿತು. ಕೊಟ್ರಬಸಪ್ಪನವರು ಎದ್ದು, ಶಲ್ಯ ಕೊಡವಿ, ಬೆಂಗಳೂರಿನ ದನಿಯಲ್ಲಿ ಹೇಳಿದರು.

ಕೊಟ್ರಬಸಪ್ಪ: ನಾನು ಭಿನ್ನಾಭಿಪ್ರಾಯದ ಟಿಪ್ಪಣಿ ಬರೀತೀನಿ. ಅದು ವರದಿ ಜೊತೆ ಹೋಗ್ಬೇಕು.

ಕಸ್ತೂರಮ್ಮ: ಬರೀರಿ. ಸಾರಿಗೆ ಒಗ್ಗರಣೆ ಹಾಕೋವರ್ಗೂ ಪುರುಸೊತ್ತು ಐತೆ. ದಾಸಪ್ಪ, ನೀನು ನಡಿಯಪ್ಪ. ಹೂಂ ಅನ್ನು.

ದಾಸಪ್ಪ ಹೋದ. ಟಪಾಲು ಹೋಯಿತು. ಹೊಸ ವರ್ಷದ ಹೊತ್ತಿಗೆ ನೇಮಕವೂ ಆಯಿತು. ಮೊದಲನೆಯ ಸಭೆಯಲ್ಲೇ ಕಸ್ತೂರಮ್ಮ ಕಿಟಕಿಯ ಮಗ್ಗುಲಿನ ಕುರ್ಚಿಯಿಂದ ಎದ್ದು ಗಾಡಿಯ ಮಾತೆತ್ತಿದಳು. ಅಲ್ಲಿನ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊಟ್ರಬಸಪ್ಪನವರನ್ನು ಎದುರು ಹಾಕಿಕೊಳ್ಳುವವರು ಯಾರು? ವಿಷಯ ಗಹನವಾದದ್ದು, ಕೂಲಂಕಷ ಪರಿಶೀಲನೆಗೆ ಒಂದು ಉಪಸಮಿತಿ ಆಗಲಿ, ಅಧ್ಯಕ್ಷತೆಯನ್ನು ಕಸ್ತೂರಮ್ಮನವರೇ ವಹಿಸಲಿ ಎಂದು ತೀರ್ಮಾನಿಸಿ ನಿಟ್ಟುಸಿರು ಬಿಟ್ಟರು. ಅವಳು ತಕರಾರಿಲ್ಲದೆ ಒಪ್ಪಿಕೊಂಡಳು. ಮನೆಯಲ್ಲಿ ಕೊಟ್ರಬಸಪ್ಪನವರು ಆ ದಿನ ಒಂದು ರೊಟ್ಟಿ ಹೆಚ್ಚು ತಿಂದರು.

ಕಸ್ತೂರಮ್ಮ ಈಗ ಆ ಉಪಸಮಿತಿಯ ಅಧ್ಯಕ್ಷೆ. ಪ್ರತಿ ಸಂತೆಯ ದಿನ, ಗಾಡಿಗಳು ಊರು ಸೇರುವ ಮೊದಲೇ, ಬಾವಿಯ ಸುತ್ತ ಜಮಖಾನ ಹಾಸಿಸಿ, ಬೀದಿಯ ಹೆಂಗಸರನ್ನೆಲ್ಲ ಸಾಕ್ಷಿಗೆ ಕೂರಿಸಿಕೊಂಡು, ಸಂಜೆಯವರೆಗೆ ಸಮಿತಿ ನಡೆಸುತ್ತಾಳೆ. ಬಂದ ಗಾಡಿಗಳಿಗೆ ಅಲ್ಲಿ ನಿಲ್ಲಲು ಜಾಗವಿಲ್ಲ. ವರದಿಯನ್ನು ಇನ್ನೂ ಕೊಟ್ಟಿಲ್ಲ.