ಭಾವನ ಬಾಯಲ್ಲಿ ಒಂದು ‘ಅಲ್ಲ’

ನಮ್ಮ ಭಾವನನ್ನು ವಾದದಲ್ಲಿ ಸೋಲಿಸಿದವರು ಈವರೆಗೆ ಯಾರೂ ಇಲ್ಲ. ಅವರು ಮಹಾ ತಾರ್ಕಿಕರೆಂದು ತಿಳಿದು ಕೈ ಮುಗಿಯಬೇಡಿ! ವಾದ ಶುರುವಾಗುವ ಮೊದಲೇ ಅವರು ಒಪ್ಪಿಬಿಡುತ್ತಾರೆ, ಅಷ್ಟೆ. ಒಪ್ಪಿದವರನ್ನು ಸೋಲಿಸುವುದು ಹೇಗೆ? ಬಾಗಿಲು ತೆರೆದೇ ಇರುವ ಮನೆಗೆ ಕನ್ನ ಹಾಕಲು ಹೋದ ಕಳ್ಳನ ಪಾಡು ನಮ್ಮದಾಗುತ್ತದೆ. ಒಪ್ಪಿದ ಮೇಲೆ ಭಾವ ಏನು ಮಾಡುತ್ತಾರೆ ಎಂಬುದು ಬೇರೆ ವಿಷಯ. ತಮಗೆ ತೋಚಿದ್ದನ್ನೇ ಮಾಡುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಊರು ಮುತ್ತಿನಕೊಪ್ಪ, ಎನ್.ಆರ್. ಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ. ಗಿರಾಕಿ ಬಂದು, “ಮೋಟಾರಿಗೆ ಎಂತ ಆಗ್ಲಿಲ್ಲ, ಕರೆಂಟೇ ಸರಿ ಇಲ್ಲ,” ಎನ್ನುತ್ತಾನೆ. “ಹೌದು ಮಾರಾಯ, ಕರೆಂಟಿಂದೇ ತಪ್ಪು,” ಎನ್ನುತ್ತ ಭಾವ ಮೋಟಾರು ಬಿಚ್ಚಲು ಶುರು ಮಾಡುತ್ತಾರೆ. ಮನೆಗೆ ಬಣ್ಣ ಹೊಡೆಸುವಾಗ ಅಕ್ಕ ನೀಲಿ ಎಂದಳು, ಅವಳ ಅತ್ತೆ ಹಸಿರು ಎಂದರು. ಭಾವ ಇಬ್ಬರಿಗೂ ಹೌದೆಂದು ತಲೆಯಾಡಿಸಿ ಬಿಳಿ ಸುಣ್ಣ ಹೊಡೆಸಿದರು. ಎದುರಿನವರೂ ಗೆಲ್ಲಲಿಲ್ಲವಲ್ಲ ಎಂದು ಅತ್ತೆ ಸೊಸೆ ಇಬ್ಬರೂ ಇವತ್ತಿಗೂ ಖುಷಿಯಾಗಿದ್ದಾರೆ!

ಇಂಥವರ ನಾದಿನಿಯಾಗಿ ನಾನು. ಆಗ ಕಾಲೇಜಿನ ಕೊನೆಯ ವರ್ಷ. ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರೋಧವಾಗಿಯೂ ಮೂರು ಮೂರು ನಿಮಿಷ ಮಾತಾಡಬಲ್ಲ ಚರ್ಚಾಪಟು. ಕೊಪ್ಪದ ನಮ್ಮ ಮನೆಯಲ್ಲಿ ಎಲ್ಲರೂ ಉಣ್ಣುತ್ತಿದ್ದುದು ನಾನು ಗೆದ್ದು ತಂದ ಸ್ಟೀಲ್ ತಟ್ಟೆಗಳಲ್ಲಿ. ನನ್ನ ವಾದ ಮಾತ್ರ ಅವರ್ಯಾರಿಗೂ ರುಚಿಸುತ್ತಿರಲಿಲ್ಲ. ಕಾರಣ ಕೊಡದ ಯಾವುದನ್ನೂ ನಾನು ನಂಬುವವಳಲ್ಲ. ಒಮ್ಮೆ ರಾಹುಕಾಲದ ಮೇಲೆ ಭಾವನಿಗೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಅಮೆರಿಕದ ರಾಹುಕಾಲ ಯಾವಾಗ, ಹಡಗಿನಲ್ಲಿ ಹೋಗುವವನಿಗೆ ಯಾವ ಊರಿನದು, ಎಲ್ಲ ಕೇಳಿದೆ. “ಹೌದು ಮಾರಾಯ್ತಿ, ನೀ ಹೇಳೋದು ಸರಿ. ರಾಹುಕಾಲ ಅಂತ ಎಂತದೂ ಇಲ್ಲ,” ಎಂದರು. ಆಮೇಲೆ ಜಗಲಿಯಲ್ಲಿ ಕೂತು, ಒಂದು ಕಿತ್ತಳೆಯನ್ನು ತೊಳೆ ತೊಳೆಯಾಗಿ ಬಿಡಿಸಿ ತಿಂದು, ರಾಹುಕಾಲ ಮುಗಿದ ಮೇಲೆ ಹೊರಟರು.

ಆ ವರ್ಷ ಮಳೆಗಾಲ ಮುಗಿದ ಮೇಲೆ, ಶೃಂಗೇರಿಯಾಚೆಯ ರಾಷ್ಟ್ರೀಯ ಉದ್ಯಾನದಲ್ಲಿ ಎರಡು ದಿನ ಟೆಂಟು ಹಾಕಿ ಇರುವುದೆಂದು ನಾವು ಮೂವರು ನಿಶ್ಚಯಿಸಿದೆವು. ನಾನು, ನನ್ನ ಚರ್ಚಾ ಜೋಡಿ ಶೈಲಾ, ಸಹಪಾಠಿ ವಿಜಯ. ಇಲಾಖೆಯ ಒಪ್ಪಿಗೆ ಚೀಟಿ ಸುಲಭವಾಗಿ ಸಿಕ್ಕಿತು. ಅಪ್ಪನ ಒಪ್ಪಿಗೆ ಸಿಗಲಿಲ್ಲ. ಸ್ತ್ರೀ ಸ್ವಾತಂತ್ರ್ಯದ ಮೇಲೆ ನಾನು ಮೊದಲ ಬಹುಮಾನ ಪಡೆದ ಭಾಷಣವನ್ನೇ ಮತ್ತೆ ಮಾಡಿದೆ. ಅಪ್ಪ ಪೂರ್ತಿ ಕೇಳಿ, “ಭಾವ ಬಂದ್ರೆ ಹೋಗು,” ಎಂದರು. ಎಂಥ ತೀರ್ಪುಗಾರರು!

ಭಾವ ಎಂದಿನಂತೆ ಒಪ್ಪಿದರು.

“ಭಾವ, ಕಂಬಳಿ ಗಿಂಬಳಿ ಎಲ್ಲ ತರಬೇಡಿ. ಸ್ಲೀಪಿಂಗ್ ಬ್ಯಾಗ್ ಇದೆ.”

“ಹೌದು ಮಾರಾಯ್ತಿ, ಈಗ ಕಂಬಳಿ ಎಲ್ಲ ಯಾರು ಹೊದೀತಾರೆ?”

“ಕತ್ತಿಯೂ ಬೇಡ. ನಾವೇನು ಸೌದೆಗೆ ಹೋಗ್ತಿಲ್ಲ.”

“ಹೌದೌದು. ಕತ್ತಿ ಎಂತಕ್ಕೆ?”

ಬಸರೀಕಟ್ಟೆಯ ಬಾಡಿಗೆ ಜೀಪು ಮನೆ ಮುಂದೆ ಬಂದು ನಿಂತಾಗ ಅದರ ಹಿಂಭಾಗದಲ್ಲಿ ನಾಲ್ಕು ಕಂಬಳಿ, ಒಂದು ಕತ್ತಿ, ಮಾವಿನ ಮಿಡಿ ಉಪ್ಪಿನಕಾಯಿಯ ಭರಣಿ ಮತ್ತು ಮದುವೆ ಮನೆಗೆ ಸಾಲುವಂಥ ಒಂದು ಪಾತ್ರೆ ಇದ್ದವು. ಮೊದಲ ದಿನ ಸಂಜೆಯೇ ಗುಡ್ಡದ ಗಾಳಿ ಬೀಸಿತು ನೋಡಿ, ಸ್ಲೀಪಿಂಗ್ ಬ್ಯಾಗು ಎಂಬುದು ಬರೀ ಬ್ಯಾಗು ಎಂದು ಗೊತ್ತಾಯಿತು. ಭಾವ ಒಬ್ಬೊಬ್ಬರ ಮೇಲೂ ಒಂದೊಂದು ಕಂಬಳಿ ಎಸೆದರು. ‘ನಾನು ಮೊದಲೇ ಹೇಳಿರಲಿಲ್ವಾ’ ಎಂದು ಸಹ ಅನ್ನಲಿಲ್ಲ. ಹೇಗೆ ಅಂದಾರು, ಹೇಳಿರಲೇ ಇಲ್ಲವಲ್ಲ!

ನನಗೆ ಮೈ ಉರಿಯಿತು. ಜಗಳವಾಡಿ ಸೋಲಿಸಿದ್ದರೆ ಸಹಿಸಬಹುದಿತ್ತು. ನನ್ನ ಸಂಕಟ ನೋಡಿ ವಿಜಯ ಒಂದು ಪಂಥ ಕಟ್ಟಿದ.

“ನಾಳೆ ಸಂಜೆ ಒಳಗೆ ಭಾವನ ಬಾಯಲ್ಲಿ ಒಂದು ‘ಅಲ್ಲ’ ಅನ್ಸು ನೋಡನ. ನೀ ಹೇಳಿದ್ದನ್ನ ಅವರು ಒಪ್ಪಬಾರ್ದು. ಸಾಕು, ಬೇಡ ಎಲ್ಲ ಲೆಕ್ಕಕ್ಕಿಲ್ಲ.”

“ಅನ್ಸಿದ್ರೆ?”

“ಪಾತ್ರೆ ಎಲ್ಲ ನಾ ತೊಳೀತೇನೆ. ಅನ್ಸದಿದ್ರೆ ನೀನು.”

ಮಸಿ ಹಿಡಿದು ಕಾಡುಕೋಣದ ಬಣ್ಣಕ್ಕೆ ತಿರುಗಿದ್ದ ಆ ದೊಡ್ಡ ಪಾತ್ರೆಯನ್ನು ನೋಡಿ ಶೈಲಾ, “ಪಾಪ, ನಿನ್ನ ಉಗುರು,” ಎಂದಳು. ಹೇಗಿದೆ ನನ್ನ ಜೋಡಿ!

ಮರುದಿನ ಬೆಳಗಿನ ಕಾಫಿಗೇ ಶುರು ಮಾಡಿದೆ.

“ಭಾವ, ಭೂಮಿ ಚಪ್ಪಟೆಯಾಗಿದೆ.”

“ಹೌದು ಮಾರಾಯ್ತಿ. ನಮ್ಮ ಮುತ್ತಿನಕೊಪ್ಪದಲ್ಲಿ ಹಾಗೇ ಕಾಣ್ತದೆ.”

“ನಿಮ್ಮ ಉಪ್ಪಿಟ್ಟು ತಿನ್ನೋ ಹಾಗಿಲ್ಲ.”

“ಹೌದು, ಉಪ್ಪು ಮುಂದಾಯ್ತು,” ಎಂದು ಇನ್ನೊಂದು ಸೌಟು ನನ್ನ ತಟ್ಟೆಗೇ ಬಡಿಸಿದರು.

ಬ್ರಹ್ಮಾಸ್ತ್ರ ತೆಗೆದೆ. “ಭಾವ, ನೀವು ನಮ್ಮ ಅಕ್ಕನ್ನ ಮದುವೆ ಆಗಲೇಬಾರ್ದಿತ್ತು.”

ಭಾವ ಲೋಟ ಕೆಳಗಿಟ್ಟು ಯೋಚಿಸಿದರು. ವಿಜಯ ಆ ದೊಡ್ಡ ಪಾತ್ರೆಯ ಕಡೆ ನೋಡಿದ.

“ಹೌದು ಮಾರಾಯ್ತಿ. ನಿಮ್ಮ ಅಕ್ಕನೂ ಅದನ್ನೇ ಹೇಳ್ತಾಳೆ.”

ಶೈಲಾ ನಕ್ಕೂ ನಕ್ಕೂ ಕಾಫಿ ಚೆಲ್ಲಿಕೊಂಡಳು.

ಒಂಬತ್ತು ಗಂಟೆಗೆ ಗುಡ್ಡದ ಮೇಲಿನ ಬಂಡೆಗೆ ಹೊರಟೆವು. ನಾನು ಬೇಡವೆಂದಿದ್ದ ಕತ್ತಿ ಹಿಡಿದು ಭಾವ ಮುಂದೆ. “ನಾ ಮುಂದೆ ಹೋಗ್ತಿರ್ತೇನೆ. ದಾರಿ ಕವಲು ಒಡೆದಲ್ಲಿ ಸೊಪ್ಪು ಹಾಕಿರ್ತೇನೆ, ನೋಡ್ಕೊಂಡು ಬನ್ನಿ,” ಎಂದರು. ಅವರ ಹಿಂದೆ ಶೈಲಾ, ವಿಜಯ. ಕೊನೆಗೆ ನಾನು. ಹೊಸ ಶೂ ಹಿಮ್ಮಡಿ ಕಚ್ಚುತ್ತಿತ್ತು. ಜೊತೆಗೆ ಮುಂದಿನ ವಾದದ ತಯಾರಿ ಬೇರೆ. “ನೀವು ನಡೀರಿ, ಬಂದೆ,” ಎಂದು ಕಲ್ಲಿನ ಮೇಲೆ ಕೂತು ಶೂ ಬಿಚ್ಚಿದೆ. ಹಿಮ್ಮಡಿಗೆ ಕರವಸ್ತ್ರ ಕಟ್ಟಿಕೊಂಡು ಏಳುವಷ್ಟರಲ್ಲಿ ಅವರು ಕಾಣುತ್ತಿರಲಿಲ್ಲ.

ನೂರು ಹೆಜ್ಜೆ ಹೋದರೆ ದಾರಿ ಎರಡಾಗಿತ್ತು. ಎಡದಾರಿಗೆ ಅಡ್ಡವಾಗಿ, ಮರದಿಂದ ಈಗಷ್ಟೇ ಕಡಿದ, ಸೊಪ್ಪು ತುಂಬಿದ ಹಸಿರು ಹೆರೆಯೊಂದು ಬಿದ್ದಿತ್ತು. ಬಲದಾರಿಯಲ್ಲಿ ಏನೂ ಇಲ್ಲ.

ಇಲ್ಲಿ ನನ್ನ ತರ್ಕವನ್ನು ದಯವಿಟ್ಟು ಗಮನಿಸಿ. ಮನುಷ್ಯ ಗುರುತು ಹಾಕುವುದು ಹೋಗಬೇಕಾದ ದಾರಿಗೆ. ಶೃಂಗೇರಿಗೆ ಹೋಗುವ ರಸ್ತೆಯಲ್ಲಿ ‘ಶೃಂಗೇರಿ’ ಎಂದು ಫಲಕ ಇರುತ್ತದೆಯೇ ಹೊರತು, ಶೃಂಗೇರಿಗೆ ಹೋಗದ ರಸ್ತೆಗಳಲ್ಲೆಲ್ಲ ‘ಇದು ಶೃಂಗೇರಿಯಲ್ಲ’ ಎಂದು ಯಾರಾದರೂ ಬರೆಸುತ್ತಾರೆಯೇ? ಆದ್ದರಿಂದ, ಮಾನ್ಯ ತೀರ್ಪುಗಾರರೇ, ಸರಿಯಾದ ದಾರಿ ಎಡದ್ದು! ಹೆರೆಯನ್ನು ಮೆಟ್ಟಿ ದಾಟಿ ನಡೆದೆ.

ನಮ್ಮ ಕಡೆ ದನ ಮೇಯಿಸುವ ಮಕ್ಕಳಿಗೂ ಗೊತ್ತಿರುವ ಸಂಗತಿ ಚರ್ಚಾಪಟುವಿಗೆ ಗೊತ್ತಿರಲಿಲ್ಲ. ಕಾಡಿನಲ್ಲಿ ಮುಂದೆ ಹೋದವರು ಹಿಂದೆ ಬರುವವರಿಗಾಗಿ ಸೊಪ್ಪು ಹಾಕುವುದು ಹೋಗಬಾರದ ದಾರಿಗೆ. ಬೇಲಿ ಹಾಕಿದ ಹಾಗೆ. ಪೇಟೆಯಲ್ಲಿ ಬೆಳೆದ ನಾನು ಬೇಲಿಯನ್ನೇ ಸ್ವಾಗತ ಕಮಾನು ಎಂದುಕೊಂಡೆ.

ಅರ್ಧ ಗಂಟೆಯಲ್ಲಿ ದಾರಿ ಸಪೂರವಾಯಿತು. ಆಮೇಲೆ ಗುಮಾನಿಯಾಯಿತು. ಆಮೇಲೆ ಇರಲೇ ಇಲ್ಲ. ತಿರುಗಿ ನೋಡಿದರೆ ಬಂದ ದಾರಿಯೂ ಹೋದ ದಾರಿಯೂ ಒಂದೇ ಥರದ ಪೊದೆ. ಹೆಸರು ಹಿಡಿದು ಎಲ್ಲರನ್ನೂ ಕೂಗಿದೆ. ಮೈಕಿಲ್ಲದೆ ಸಭಾಂಗಣದ ಕೊನೆಯ ಸಾಲಿಗೆ ಮುಟ್ಟುವ ದನಿ ನನ್ನದು. ಕಾಡು ಅದನ್ನು ಅಲ್ಲಿಯೇ ನುಂಗಿಬಿಟ್ಟಿತು. ನಾಲ್ಕು ಹೆಜ್ಜೆ ಆಚೆ ಕಾಡುಕೋಣದ ಸಗಣಿ ಬಿದ್ದಿತ್ತು, ಇನ್ನೂ ಹಸಿ. ಕಾಡುಕೋಣದ ಜೊತೆ ಪರ ವಿರೋಧ ಎಂತ ಮಾತಾಡುತ್ತೀರಿ? ಮೂರು ನಿಮಿಷಕ್ಕೆ ಗಂಟೆ ಬಾರಿಸಿ ಕೂರಿಸುವವರು ಅಲ್ಲಿ ಯಾರೂ ಇಲ್ಲ. ಒಂದು ಮರಕ್ಕೆ ಬೆನ್ನು ಕೊಟ್ಟು ಕೂತೆ. ಒಂದು ವಾದವೂ ನೆನಪಿಗೆ ಬರಲಿಲ್ಲ. ನೆನಪಾದದ್ದು ಆ ದರಿದ್ರ ಉಪ್ಪಿಟ್ಟು.

ಗಡಿಯಾರದಲ್ಲಿ ಹನ್ನೆರಡಾಗಿತ್ತು. ಎಲ್ಲೋ ಕೆಳಗಿನಿಂದ “ಕೂ...” ಎಂದು ಉದ್ದನೆಯ ಕೂಗು ಕೇಳಿತು. ನಾನೂ ಕೂ ಎಂದೆ. ಕೂ ಎನ್ನಲು ಯಾವ ಆಧಾರವೂ ಬೇಡವಲ್ಲ! ಕೂಗು ಹತ್ತಿರವಾಗುತ್ತ ಬಂದು, ಪೊದೆ ಸೀಳಿಕೊಂಡು ಭಾವ ಹೊರಬಿದ್ದರು. ಒಂದು ಕಾಲಿನಲ್ಲಿ ಚಪ್ಪಲಿ ಇರಲಿಲ್ಲ. ಪಂಚೆ ಮೊಣಕಾಲಿನವರೆಗೆ ಹರಿದಿತ್ತು. ಕೈಮೇಲೆ ಮುಳ್ಳಿನ ಗೀರುಗಳು. ಬಸ್ಸು ತಪ್ಪುತ್ತಿದ್ದರೂ ಓಡದ ಮನುಷ್ಯ ಓಡಿ ಬಂದಿದ್ದರು.

ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಹೋದರು. ಎಂಥೆಂಥ ತುಕ್ಕು ಹಿಡಿದ ಬೋಲ್ಟುಗಳನ್ನು ಬಿಚ್ಚುವ ಕೈಗೆ ಆ ಪ್ಲಾಸ್ಟಿಕ್ ಮುಚ್ಚಳ ಬಗ್ಗಲಿಲ್ಲ. ಕೊನೆಗೆ ನಾನೇ ತೆಗೆದುಕೊಂಡು ಬಿಚ್ಚಿದೆ.

“ಹೇಗೆ ಗೊತ್ತಾಯ್ತು ಭಾವ?”

“ಅವರಿಬ್ಬರನ್ನ ಬಂಡೆ ಮೇಲೆ ಕೂರ್ಸಿ ವಾಪಸ್ ಬಂದೆ. ಒಂದೊಂದೇ ಕವಲು ನೋಡ್ತಾ ಬಂದ್ರೆ, ಕೆಳಗಿನ ಹೆರೆ ಮೇಲೆ ನಿನ್ನ ಶೂ ಅಚ್ಚು ಬಿದ್ದಿತ್ತು.”

ಅಷ್ಟು ಹೊತ್ತು ಗಟ್ಟಿಯಾಗಿ ಕೂತಿದ್ದವಳಿಗೆ ಅಳು ಬಂತು. “ತಪ್ಪು ನಂದೇ ಭಾವ. ಎಲ್ಲ ಗೊತ್ತು ಅಂದ್ಕೊಂಡಿದ್ದೆ. ನಾನೊಂದು ದಡ್ಡಿ.”

“ಅಲ್ಲ,” ಎಂದರು ಭಾವ.

ನನಗೆ ತಕ್ಷಣ ಹೊಳೆಯಲೂ ಇಲ್ಲ.

“ಅಲ್ಲ. ತಪ್ಪು ನಿಂದಲ್ಲ. ಸೊಪ್ಪು ಹಾಕಿರ್ತೇನೆ ಅಂದೆ, ಎಂತಕ್ಕೆ ಅಂತ ಹೇಳಿದ್ನಾ? ಪೇಟೆ ಕೂಸಿಗೆ ಕನಸು ಬೀಳ್ತದಾ?”

“ನಾನಾದ್ರೂ ಕೇಳಬಹುದಿತ್ತಲ್ಲ.”

“ಅಲ್ಲ ಅಂದ್ನಲ್ಲ. ಗೊತ್ತಿಲ್ಲದವರು ಎಂತ ಅಂತ ಕೇಳ್ತಾರೆ? ಗೊತ್ತಿದ್ದವರು ಹೇಳ್ಬೇಕು. ನಂಗೆ ಹೇಳಿ ಅಭ್ಯಾಸ ಇಲ್ಲ, ಅದೇ ತಪ್ಪು.”

“ಹೆರೆ ಮೆಟ್ಟಿ ದಾಟಿದ್ದು ನಾನು!”

“ದಾಟೋಕಾಗುವಂಥ ಹೆರೆ ಹಾಕಿದ್ದು ನಾನು!”

ನೋಡಿ, ಅಕ್ಕನ ಮದುವೆಯಾದಂದಿನಿಂದ, ಐದು ವರ್ಷ ನಾನು ಹಂಬಲಿಸಿದ್ದ ವಾದ ಕೊನೆಗೂ ನಡೆಯಿತು. ಗುಡ್ಡ ಇಳಿದು ಆ ಕವಲು ಮುಟ್ಟುವವರೆಗೂ ನಡೆಯಿತು. ನಾನು ತಪ್ಪು ನನ್ನದೆಂದು ಸಾಧಿಸುವುದು, ಅವರು ತಮ್ಮದೆಂದು ಸಾಧಿಸುವುದು! ಇಂಥ ವಿಷಯದ ಮೇಲೆ ನಾನೆಂದೂ ಮಾತಾಡಿರಲಿಲ್ಲ. ಭಾವ ಒಂದು ಅಂಕವನ್ನೂ ಬಿಟ್ಟುಕೊಡಲಿಲ್ಲ. ಕವಲಿನಲ್ಲಿ ನಿಂತು ನಾನೇ, “ಹೌದು ಭಾವ, ನೀವು ಹೇಳೋದು ಸರಿ,” ಎಂದೆ. ಅವರು ಆ ಹೆರೆಯನ್ನು ಎತ್ತಿ, ಅದರ ಮೇಲೆ ಇನ್ನೂ ಎರಡು ಕಡಿದು ಹಾಕಿ, ಆಮೇಲೆ ನಡೆದರು.

ಸಂಜೆ ಟೆಂಟಿನ ಹತ್ತಿರ ಊಟ ಮುಗಿಯಿತು. ಬೆಳಕು ಇನ್ನೂ ಇತ್ತು. ವಿಜಯ, “ಎಂತದೇ, ಅನ್ಸಿದ್ಯಾ?” ಎಂದು ಕೇಳಿದ.

ಗೆದ್ದಿದ್ದೆ. ಪಂಥದ ನಿಯಮಗಳ ಪ್ರಕಾರ ಒಂದಲ್ಲ, ಮೂರು ಸಲ ಗೆದ್ದಿದ್ದೆ. ಹೇಳಲು ಬಾಯಿ ತೆರೆದೆ. ಭಾವ ಒಲೆಯ ಹತ್ತಿರ ಕೂತು ಕಾಲಿನ ಮುಳ್ಳನ್ನು ಪಿನ್ನಿನಿಂದ ತೆಗೆಯುತ್ತಿದ್ದರು.

“ಇಲ್ಲ ಮಾರಾಯ,” ಎಂದೆ. “ಸೋತೆ.”

ಮಸಿ ಪಾತ್ರೆ ಎತ್ತಿಕೊಂಡು ಹಳ್ಳದ ಬದಿಗೆ ಹೋದೆ. ಬೂದಿ, ತೆಂಗಿನ ನಾರು ಹಿಡಿದು ಎಷ್ಟು ಉಜ್ಜಿದರೂ ಅದು ಕಾಡುಕೋಣವಾಗಿಯೇ ಉಳಿಯಿತು. ಸ್ವಲ್ಪ ಹೊತ್ತಿಗೆ ಭಾವ ಕುಂಟುತ್ತ ಬಂದು ಎದುರಿನ ಕಲ್ಲಿನ ಮೇಲೆ ಕೂತರು.

“ನೀವು ಮುಟ್ಟಬೇಡಿ ಭಾವ. ಪಂಥ ಸೋತವಳು ನಾನು, ತೊಳೀಬೇಕಾದವಳೂ ನಾನು.”

“ಹೌದು ಮಾರಾಯ್ತಿ, ನೀ ಹೇಳೋದು ಸರಿ,” ಎಂದು ಭಾವ ನನ್ನ ಕೈಯಿಂದ ನಾರು ತೆಗೆದುಕೊಂಡು ಉಜ್ಜತೊಡಗಿದರು.