ಪ್ಯೋ ಮನೆತನದ ಕಕ್ಕಸು

ಪ್ಯೋ ಗುನ್‌ಸಿಕ್‌ನ ಸಿಟ್ಟಿಗೆ ಕಾರಣ ಒಂದು ಕಕ್ಕಸು. ಆನ್‌ದೊಂಗ್ ಸೀಮೆಯ ಅವನ ಇನ್ನೂರು ವರ್ಷದ ಹೆಂಚಿನ ಮನೆಯನ್ನು ಪರಂಪರೆಯ ಮನೆಯೆಂದು ಸರ್ಕಾರವೇ ದುರಸ್ತಿ ಮಾಡಿಸುತ್ತದೆಂದಾಗ ಕೇರಿಗೆಲ್ಲ ಅಕ್ಕಿ ಕಡುಬು ಹಂಚಿದವನು ಅವನೇ. ಈಗ ಬಂದ ಅಧಿಕಾರಿಣಿ, ಅವನಪ್ಪ ಮುಪ್ಪಿನಲ್ಲಿ ಹಾಕಿಸಿದ್ದ ಕೂರುವ ಕಕ್ಕಸಿನ ಮುಂದೆ ನಿಂತು ಅಡ್ಡಡ್ಡ ತಲೆಯಾಡಿಸಿದಳು.

"ಮನೆ ಮೊದಲು ಹೇಗಿತ್ತೋ ಹಾಗೇ ಆಗ್ಬೇಕು ಯಜಮಾನ್ರೇ. ಇದನ್ನ ಕೀಳಿಸ್ತೀವಿ."

"ಕೀಳಿಸಿದ್ರೆ ನಾನೆಲ್ಲಿಗೆ ಹೋಗ್ಲಿ?"

"ನಿಮ್ಮ ಹಿರಿಯರು ಹೋಗ್ತಿದ್ದಲ್ಲಿಗೆ."

ಹಿರಿಯರು ಹೋಗುತ್ತಿದ್ದದ್ದು ಹಿತ್ತಲಿನ ಗುಂಡಿಗೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತರೆ ಎಬ್ಬಿಸಲು ಇಬ್ಬರು ಬೇಕು, ಗುನ್‌ಸಿಕ್‌ನ ಮಂಡಿ ಅಂಥದ್ದು.

ಗಲಾಟೆ ಕೇಳಿ ಕೇರಿಯವರು ಜಮಾಯಿಸಿದರು. ಮನೆ ಮುಂದೆ ನೂಡಲ್ಸ್ ಅಂಗಡಿ ಇಟ್ಟಿದ್ದ ಒಕ್‌ಬುನ್ ಅಜ್ಜಿಗೆ ಪ್ರವಾಸಿಗರ ಸಾಲು ಆಗಲೇ ಕಣ್ಣಿಗೆ ಕಟ್ಟಿತ್ತು.

"ಹೌದಮ್ಮಾ, ಕಕ್ಕಸು ಹಿತ್ತಲಲ್ಲೇ ಇತ್ತು! ಕೆಮ್ಮಿ ಒಳಗೆ ಹೋಗ್ಬೇಕು, ಇಲ್ದಿದ್ರೆ ಕಕ್ಕಸಿನ ದೇವಿಗೆ ಕೋಪ. ಇವನ ತಾತ ಕೆಮ್ಮಿದ್ರೆ ನಮ್ಮ ಕೋಳಿಗಳೆಲ್ಲ ಎದ್ದುಬಿಡ್ತಿದ್ವು."

ಜನ ನಕ್ಕರು. ಗುನ್‌ಸಿಕ್‌ನ ಮೈ ಉರಿಯಿತು. ಸೋರುವ ಮಾಡಿನ ಕೆಳಗೆ ಬಕೆಟ್ ಹಿಡಿದು ಮನೆ ಉಳಿಸಿದವನು ತಾನು, ನೋಯುವ ಮಂಡಿ ತನ್ನದು, ತೀರ್ಪು ಮಾತ್ರ ಇವರದಾ?

"ಎಲ್ಲಾ ಮೊದಲಿದ್ದ ಹಾಗೇ ಆಗ್ಲಿ! ಈ ಅಜ್ಜಿಯ ಅಂಗಡಿ ಆಗ ಎಲ್ಲಿತ್ತು? ಅದು ನಮ್ಮ ಅಂಗಳ. ಅದನ್ನೂ ಕೀಳಿಸಿ!"

"ಹಾಗಿದ್ರೆ ಅದೂ ಹೋಗ್ಬೇಕು," ಎಂದಳು ಅಧಿಕಾರಿಣಿ.

ಅಜ್ಜಿ ಅವನ ತೋಳು ಹಿಡಿದು ಮೂಲೆಗೆ ಎಳೆದಳು. "ಲೋ ಹಾಳಾದವನೇ! ನಿನ್ನ ಕಕ್ಕಸು ಉಳಿಸಿಕೊಟ್ರೆ ನನ್ನ ಅಂಗಡಿ ಬಿಡ್ತೀಯಾ?"

"ಬಿಡ್ತೀನಿ."

ಅಜ್ಜಿ ಎದೆಯ ಮೇಲೆ ಕೈಯಿಟ್ಟು ಅಧಿಕಾರಿಣಿಯತ್ತ ತಿರುಗಿದಳು. "ವಯಸ್ಸಾಯ್ತು ನೋಡಮ್ಮಾ, ಮರೆತಿದ್ದೆ. ಹಿತ್ತಲಿನದು ಆಳುಗಳಿಗೆ. ಇದು ಇವನ ತಾತನೇ ಹಾಕ್ಸಿದ್ದು. ಜಿಲ್ಲೆಗೇ ಮೊದಲನೇದು! ಸಂತೆಗೆ ಬಂದವರೆಲ್ಲ ಇಲ್ಲಿ ಬಂದು ಕೆಮ್ಮಿ, ತಲೆಬಾಗಿಸಿ ಹೋಗ್ತಿದ್ರು."

"ಅಂಗಡೀನೂ ಆಗಿಂದ ಇದೆ. ನಾನು ಕೋಪದಲ್ಲಿ ಏನೋ ಅಂದೆ," ಎಂದು ಗುನ್‌ಸಿಕ್ ದನಿಗೂಡಿಸಿದ.

ಅಧಿಕಾರಿಣಿಯ ಮುಖ ಅರಳಿತು. "ಜಿಲ್ಲೆಗೇ ಮೊದಲನೇದಾ? ಮೊದಲೇ ಹೇಳ್ಬಾರ್ದಾ! ಇದನ್ನ ಇನ್ನು ಯಾರೂ ಮುಟ್ಟೋ ಹಾಗಿಲ್ಲ."

ಗುನ್‌ಸಿಕ್ ಕುಣಿಯುವುದೊಂದೇ ಬಾಕಿ. ಅಷ್ಟರಲ್ಲಿ ಅವಳು ಚೀಲದಿಂದ ಕೆಂಪು ಹಗ್ಗ ತೆಗೆದು ಕಕ್ಕಸಿನ ಸುತ್ತ ಕಟ್ಟತೊಡಗಿದಳು.

"ಇದೇನಮ್ಮಾ? ನಾನು ಕೂರೋದು ಹೇಗೆ?"

"ಪರಂಪರೆಯ ವಸ್ತು ಮೇಲೆ ಕೂರೋದಾ? ಹಗ್ಗದಾಚೆ ನಿಂತು ನೋಡಿ, ಎಷ್ಟು ಹೊತ್ತು ಬೇಕಾದ್ರೂ."

ಸಂಜೆ ಗುನ್‌ಸಿಕ್ ಹೊಟ್ಟೆ ಹಿಡಿದುಕೊಂಡು ನೂಡಲ್ಸ್ ಅಂಗಡಿಯ ಹಿಂದಿನ ಕಕ್ಕಸಿಗೆ ಓಡಿದ. ಬಾಗಿಲು ಹಾಕಿತ್ತು. ಅವನು ಕೆಮ್ಮಿದ.

ಒಳಗಿನಿಂದ ಅಜ್ಜಿಯೂ ನಿಧಾನವಾಗಿ ಕೆಮ್ಮಿದಳು.